ಹೆಸರು ಸಾಲ

ಭಾನುವಾರ ಬೆಳಗ್ಗೆ ಸೀವುಡ್ಸ್‌ನಲ್ಲಿ ಅಲಾರಂ ಇಡಬೇಕಾಗಿಲ್ಲ, ಪಾಮ್ ಬೀಚ್ ರಸ್ತೆಯೇ ಎಬ್ಬಿಸುತ್ತದೆ. ವಾಶಿಯಿಂದ ಬೇಲಾಪುರದವರೆಗೆ ಸುಮಾರು ಹತ್ತು ಕಿಲೋಮೀಟರು, ಅಗಲ ರಸ್ತೆ, ಬೆಳಗಿನ ಹೊತ್ತು ಖಾಲಿ. ವಾರವಿಡೀ ಮುಂಬಯಿಯ ಟ್ರಾಫಿಕ್ಕಿನಲ್ಲಿ ತೆವಳಿದ ದುಬಾರಿ ಕಾರುಗಳು ಅಂದು ಇಲ್ಲಿಗೆ ಬಂದು ಗಂಟಲು ಬಿಚ್ಚುತ್ತವೆ. ಎನ್‌ಆರ್‌ಐ ಕಾಂಪ್ಲೆಕ್ಸಿನ ಹಿಂದಿನ ಜೌಗಿಗೆ ಫ್ಲೆಮಿಂಗೊ ನೋಡಲು ಬಂದವರು ಕ್ಯಾಮೆರಾ ಇತ್ತ ತಿರುಗಿಸುವುದನ್ನೂ ಕಂಡಿದ್ದೇನೆ. ಹಕ್ಕಿ, ಕಾರು ಎರಡೂ ವಲಸೆ ಬಂದವೇ. ಹಕ್ಕಿಗೆ ಸುಂಕವಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಬಿಲ್ಡಿಂಗಿನ ಹುಡುಗರು ಅಂಥ ಕಾರು ಕಂಡರೆ ಮೊದಲು ಕೇಳುವುದು ಬೆಲೆ, ಆಮೇಲೆ ಟಾಪ್ ಸ್ಪೀಡ್. ನನ್ನ ತಲೆಯಲ್ಲಿ ಬರುವ ಪ್ರಶ್ನೆ ಬೇರೆ. ಇದು ಯಾರ ಹೆಸರಿನಲ್ಲಿದೆ? ಒಂದು ಕಾಲದಲ್ಲಿ ಇಂಥದೇ ಒಂದು ಕಾರಿಗೆ ನನ್ನ ಹೆಸರನ್ನು ಕೇಳಿದ್ದರು. ಕೊಡಲಿಲ್ಲ. ಕೊಡದೇ ಇದ್ದದ್ದು ಸರಿ ಎಂದು ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ. ಆದರೆ ಯಾಕೆ ಸರಿ ಎಂದು ಕೇಳಿದರೆ ಥಟ್ಟನೆ ಉತ್ತರ ಬರುವುದಿಲ್ಲ. ಅದಕ್ಕೇ ಈ ಬರಹ.

2014. ನಾನು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಕಂಪನಿಯ ಪ್ರಾಜೆಕ್ಟಿನ ಮೇಲೆ ಎರಡನೆಯ ವರ್ಷ ಮುಗಿಸುತ್ತಿದ್ದೆ. ಇನ್ನೊಂದು ಒಂದೂವರೆ ವರ್ಷಕ್ಕೆ ಹಿಂದಿರುಗುವುದು ಖಾತ್ರಿಯಾಗಿತ್ತು. ಡೊಂಬಿವಲಿಯಿಂದ ಅಣ್ಣನ ಫೋನು ಬಂತು. ಅಣ್ಣ ಎಂದರೆ ಒಡಹುಟ್ಟಿದವರಲ್ಲ, ಕುಂದಾಪುರ ಕಡೆಯ ನಮ್ಮದೇ ಊರಿನವರು. ಅವರ ಹೆಸರು ಇಲ್ಲಿ ಬೇಡ. ಅವರು ಡೊಂಬಿವಲಿ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನು ನಡೆಸುತ್ತಿದ್ದರು. ಆ ಕಾರ್ಖಾನೆಯ ಸೇಠನ ಮಗನಿಗೆ ಒಂದು ಪೋರ್ಷೆ ಬೇಕಾಗಿತ್ತು. ಹೊಸದಲ್ಲ, ಇಂಗ್ಲೆಂಡಿನಲ್ಲಿ ಓಡಿದ್ದು. ಅಲ್ಲಿ ಸ್ಪೋರ್ಟ್ಸ್ ಕಾರು ಎರಡು ಮೂರು ವರ್ಷ ಓಡಿದರೆ ಬೆಲೆ ಸಾಕಷ್ಟು ಇಳಿಯುತ್ತದೆ. ಸ್ಟೀರಿಂಗ್ ನಮ್ಮ ಹಾಗೆ ಬಲಗಡೆ. ದುಬೈ ಕಾರು ಎಷ್ಟು ಅಗ್ಗವಾದರೂ ಉಪಯೋಗವಿಲ್ಲ, ಎಡಗಡೆ ಸ್ಟೀರಿಂಗಿನದು ಇಲ್ಲಿಗೆ ತರುವಂತಿಲ್ಲ.

“ನಿನ್ನ ಹೆಸರಲ್ಲಿ ತಕೊ. ದುಡ್ಡು ಅವರದ್ದು. ಒಂದು ವರ್ಷ ನೀನೇ ಓಡಿಸು, ಬರುವಾಗ ತಕೊಂಡು ಬಾ. ಇಲ್ಲಿ ಬಂದ ಮೇಲೆ ಅವರಿಗೆ ಬಿಟ್ಟುಕೊಟ್ರಾಯ್ತು. ಸುಂಕ ಒಂದು ಪೈಸೆ ಬಿಡದೆ ಕಟ್ತಾರೆ. ನಿಂದು ಬರೀ ಸಹಿ ಮಾರಾಯಾ.”

ಇದರ ಹಿಂದಿನ ಲೆಕ್ಕಾಚಾರ ಹೀಗೆ. ವಿದೇಶದಲ್ಲಿ ಬಳಸಿದ ಕಾರನ್ನು ಸುಮ್ಮನೆ ತರಲು ನಮ್ಮ ಆಮದು ನೀತಿ ಬಿಡುವುದಿಲ್ಲ. ತಯಾರಾಗಿ ಮೂರು ವರ್ಷ ದಾಟಿರಬಾರದು, ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡುವ ಯೋಗ್ಯತೆ ಇರಬೇಕು, ದೀಪದ ಬೆಳಕು ಎಡಗಡೆ ಸಂಚಾರಕ್ಕೆ ಹೊಂದಬೇಕು, ಸ್ಪೀಡೋಮೀಟರು ಕಿಲೋಮೀಟರಿನಲ್ಲಿ ತೋರಿಸಬೇಕು, ಇಳಿಯುವುದು ಮುಂಬಯಿ ಬಂದರಿನಲ್ಲೇ ಆಗಬೇಕು. 2013ರ ಬಜೆಟ್ಟಿನಲ್ಲಿ ಇಂಥ ಕಾರಿನ ಮೂಲ ಸುಂಕ ಶೇಕಡಾ 125ಕ್ಕೆ ಏರಿತ್ತು, ಅದರ ಮೇಲೆ ಬೇರೆ ತೆರಿಗೆಗಳು. ಇಷ್ಟು ಗಟ್ಟಿ ಗೋಡೆಯಲ್ಲಿ ಸರ್ಕಾರ ಒಂದು ಸಣ್ಣ ಬಾಗಿಲು ಬಿಟ್ಟಿದೆ. ಎರಡು ವರ್ಷ ಎಡೆಬಿಡದೆ ಹೊರದೇಶದಲ್ಲಿದ್ದು ಶಾಶ್ವತವಾಗಿ ಮರಳುವವನು, ಅಲ್ಲಿ ಕನಿಷ್ಠ ಒಂದು ವರ್ಷ ತನ್ನ ಬಳಿ ಇದ್ದ ಕಾರನ್ನು ತರುವುದಾದರೆ ಕೆಲವು ಷರತ್ತುಗಳು ಸಡಿಲ. ಸುಂಕವನ್ನು ಮಾತ್ರ ವಿದೇಶಿ ಹಣದಲ್ಲೇ ಕಟ್ಟಬೇಕು. ಆ ಬಾಗಿಲಿನ ಅಳತೆಗೆ ನಾನು ಸರಿಯಾಗಿ ಹೊಂದುತ್ತಿದ್ದೆ.

ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಶನಿವಾರವೇ ಹೋಗಿ ಕಾರು ನೋಡಿಬಂದೆ. ಗಾಢ ನೀಲಿ ಬಣ್ಣ, ಹಿಂದೆ ಒಬ್ಬನೇ ಇಟ್ಟುಕೊಂಡಿದ್ದ. ಒಳಗೆ ಕೂತರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಷ್ಟು ತಗ್ಗು. ಇಗ್ನಿಷನ್ ತಿರುಗಿಸಿದಾಗ ಬೆನ್ನ ಹಿಂದೆ ಎಂಜಿನ್ನು ಕೆಮ್ಮಿ ಎದ್ದ ಸದ್ದು ಈಗಲೂ ನೆನಪಿದೆ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾದು ಬೆಳೆದವನು ನಾನು. ಹೆಂಡತಿಗೆ ಎರಡು ದಿನ ಹೇಳಲಿಲ್ಲ. ಹೇಳದೆ ಇದ್ದೆನಲ್ಲ, ಅದರಲ್ಲೇ ಅರ್ಧ ಉತ್ತರ ಇತ್ತೇನೋ.

ಡೀಲರು ತೋರಿಸಿದ ನೋಂದಣಿ ಪತ್ರದ ವಿಚಾರ ಹೇಳಲೇಬೇಕು. ಇಂಗ್ಲೆಂಡಿನಲ್ಲಿ ಅದಕ್ಕೆ ವಿ5ಸಿ ಅನ್ನುತ್ತಾರೆ. ನಮ್ಮ ಆರ್‌ಸಿ ಪುಸ್ತಕದಲ್ಲಿ ‘ಓನರ್’ ಇರುವ ಜಾಗದಲ್ಲಿ ಅವರದು ‘ರಿಜಿಸ್ಟರ್ಡ್ ಕೀಪರ್’, ಇಟ್ಟುಕೊಂಡವನು. ಜೊತೆಗೆ, ಈ ಪತ್ರ ಒಡೆತನಕ್ಕೆ ಪುರಾವೆಯಲ್ಲ ಎಂದು ಸ್ಪಷ್ಟವಾಗಿ ಅಚ್ಚಾಗಿರುತ್ತದೆ. ಓದಿ ಒಂದು ಕ್ಷಣ ಹಗುರವಾಯಿತು. ಹಾಗಾದರೆ ನಾನು ಸುಳ್ಳು ಹೇಳುತ್ತಲೇ ಇಲ್ಲವಲ್ಲ! ಒಂದು ವರ್ಷ ನಿಜವಾಗಿ ಇಟ್ಟುಕೊಳ್ಳುತ್ತೇನೆ, ಓಡಿಸುತ್ತೇನೆ, ವಿಮೆ ಕಟ್ಟುತ್ತೇನೆ. ಊರಿನಲ್ಲಿ ‘ಉಳುವವನೇ ಹೊಲದೊಡೆಯ’ ಎಂಬ ಮಾತು ಕೇಳಿ ಬೆಳೆದವನಿಗೆ, ಓಡಿಸಿದವನೇ ಕಾರಿನೊಡೆಯ ಎಂದುಕೊಳ್ಳಲು ಎಷ್ಟು ಹೊತ್ತು? ಮನಸ್ಸಿಗೆ ಬೇಕಾದಾಗ ಅದು ಎಂಥ ಒಳ್ಳೆಯ ವಕೀಲನಾಗುತ್ತದೆ ನೋಡಿ.

ಈ ಕಾರಿನ ಪ್ರಕರಣದಲ್ಲಿ ನನ್ನನ್ನು ಕಾಡಿದ್ದು ಇದು: ನಷ್ಟ ಯಾರಿಗೆ? ಸುಂಕ ಪೂರ್ತಿ ಸರ್ಕಾರಕ್ಕೆ ಹೋಗುತ್ತದೆ. ಕಾರು ಕದ್ದದ್ದಲ್ಲ. ಸೇಠನ ಮಗನಿಗೆ ಕಾರು, ಅಣ್ಣನಿಗೆ ಸೇಠನ ಎದುರು ಮರ್ಯಾದೆ, ನನಗೆ ಒಂದು ವರ್ಷದ ಸವಾರಿ. ಸುಳ್ಳಿರುವುದು ಒಂದೇ ಕಡೆ, ‘ನನ್ನದು’ ಎಂಬ ಒಂದು ಪದದಲ್ಲಿ.

ಇದರ ಕನ್ನಡಿ ಪ್ರತಿಬಿಂಬದಂಥ ಪ್ರಕರಣವೊಂದು ಮುಂಬಯಿಯಲ್ಲೇ ಆಗಿತ್ತು, ನಿಮಗೂ ನೆನಪಿರಬಹುದು. 2002ರಲ್ಲಿ ಸಚಿನ್ ತೆಂಡೂಲ್ಕರ್ ಬ್ರಾಡ್ಮನ್ನರ 29 ಟೆಸ್ಟ್ ಶತಕಗಳನ್ನು ಸರಿಗಟ್ಟಿದ್ದಕ್ಕೆ ಫಿಯೆಟ್ ಕಂಪನಿ ಫೆರಾರಿ 360 ಮೊಡೆನಾ ಕೊಟ್ಟಿತು. ಸಿಲ್ವರ್‌ಸ್ಟೋನಿನಲ್ಲಿ ಶುಮಾಕರ್ ಕೀ ಕೊಟ್ಟರು. ಸುಂಕ 1.13 ಕೋಟಿ ರೂಪಾಯಿ ಎಂದು ಲೆಕ್ಕವಾಯಿತು. ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿತು. ಜನ ಸಿಟ್ಟಾದರು, ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂತು, ಕೊನೆಗೆ ಸುಂಕವನ್ನು ಫಿಯೆಟ್ಟೇ ಕಟ್ಟಿತು. 2011ರಲ್ಲಿ ಆ ಕಾರನ್ನು ಸೂರತ್ತಿನ ಉದ್ಯಮಿಯೊಬ್ಬರು ಕೊಂಡರು. ಅಲ್ಲಿ ಹೆಸರು ಪೂರ್ತಿ ನಿಜ, ಕಾರು ಸಚಿನ್ನರದ್ದೇ, ಹೋಗುತ್ತಿದ್ದದ್ದು ಸುಂಕ. ನನ್ನದರಲ್ಲಿ ಸುಂಕ ಪೂರ್ತಿ, ಸುಳ್ಳಾಗುತ್ತಿದ್ದದ್ದು ಹೆಸರು. ಯಾವುದು ದೊಡ್ಡ ತಪ್ಪು ಎಂದು ಆಫೀಸಿನ ಕ್ಯಾಂಟೀನಿನಲ್ಲಿ ಹತ್ತು ಜನರನ್ನು ಕೇಳಿದರೆ ಒಂಬತ್ತು ಮಂದಿ ಮೊದಲನೆಯದನ್ನೇ ಹೇಳುತ್ತಾರೆ. ದುಡ್ಡಿಗೆ ಲೆಕ್ಕವಿದೆ, ಹೆಸರಿಗೆ ಇಲ್ಲ.

ಕೂಡಲೇ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಅದಕ್ಕೆ ಕಾರಣ ಕಾರಿನ ಆಸೆಗಿಂತ ದೊಡ್ಡದು.

1997ರಲ್ಲಿ ನಾನು ಮುಂಬಯಿಗೆ ಬಂದಾಗ ಅಣ್ಣನ ಡೊಂಬಿವಲಿಯ ಒಂದು ಕೋಣೆಯಲ್ಲಿ ಐದು ಜನರ ಜೊತೆ ಆರನೆಯವನಾದೆ. ಆ ಕಾಲದಲ್ಲಿ ಈ ಊರಿನಲ್ಲಿ ರೇಶನ್ ಕಾರ್ಡ್ ಇಲ್ಲದಿದ್ದರೆ ಮನುಷ್ಯ ಇಲ್ಲ. ಗ್ಯಾಸು ಇಲ್ಲ, ಬ್ಯಾಂಕಿನ ಖಾತೆ ಕಷ್ಟ, ಪಾಸ್‌ಪೋರ್ಟ್ ದೂರದ ಮಾತು. ಅಣ್ಣ ತಮ್ಮ ಕಾರ್ಡಿನಲ್ಲಿ ನನ್ನ ಹೆಸರು ಸೇರಿಸಿದರು. ಸಂಬಂಧದ ಕಾಲಮ್ಮಿನಲ್ಲಿ ಅಧಿಕಾರಿ ಮರಾಠಿಯಲ್ಲಿ ಬರೆದದ್ದು ‘ಮೆಹುಣಾ’, ಹೆಂಡತಿಯ ತಮ್ಮ. ಅಕ್ಕ, ಅಂದರೆ ಅವರ ಹೆಂಡತಿ, ಅವತ್ತು ನಕ್ಕು, “ನನಗೊಬ್ಬ ತಮ್ಮ ಸಿಕ್ಕಿದ” ಎಂದು ಪಾಯಸ ಮಾಡಿದ್ದರು. ಆ ಕಾರ್ಡು ತೋರಿಸಿಯೇ ನನಗೆ ಪಾಸ್‌ಪೋರ್ಟು ಸಿಕ್ಕಿದ್ದು. ಆ ಪಾಸ್‌ಪೋರ್ಟಿನ ಬಲದ ಮೇಲೆಯೇ ಕೊವೆಂಟ್ರಿ. ಈಗ ಅಣ್ಣ ಕೇಳುತ್ತಿದ್ದದ್ದು ಅದೇ ಪಾಸ್‌ಪೋರ್ಟಿನ ಮೇಲಿನ ಮುದ್ರೆಗಳನ್ನು. ಫೋನಿನಲ್ಲಿ ಅವರು ಹಳೆಯದನ್ನು ನೆನಪಿಸಲಿಲ್ಲ. ನೆನಪಿಸಿದ್ದರೆ ಸಿಟ್ಟು ಮಾಡಿಕೊಳ್ಳುವುದು ಸುಲಭವಿತ್ತು.

ಮುಂಬಯಿಯಲ್ಲಿ ನಮ್ಮವರ ಬದುಕನ್ನು ಬಿಡಿಸಿ ನೋಡಿದರೆ ಕೊಟ್ಟ ಹೆಸರು, ಪಡೆದ ಹೆಸರುಗಳೇ ಕಾಣುತ್ತವೆ. ಒಬ್ಬನ ಹೆಸರಿನ ಪಗಡಿ ಕೋಣೆಯಲ್ಲಿ ಇನ್ನೊಬ್ಬ, ಮಾವನ ಹೆಸರಿನ ಲೈಸೆನ್ಸಿನಲ್ಲಿ ಅಳಿಯನ ಹೋಟೆಲು, ಯಾರದೋ ಹೆಸರಿನ ಗ್ಯಾಸಿನಲ್ಲಿ ಯಾರದೋ ಅನ್ನ. ಇವತ್ತು ಪುಣೆಗೋ ಬೆಂಗಳೂರಿಗೋ ಓದಲು ಹೋದ ಮಕ್ಕಳೂ ಪೇಯಿಂಗ್ ಗೆಸ್ಟ್ ಮನೆಯ ಕರಾರಿನಲ್ಲಿ ಅಣ್ಣ-ತಂಗಿ ಎಂದು ಬರೆಸುವುದು ನನಗೆ ಗೊತ್ತಿದೆ. ‘ಕೇರಾಫ್’ ಎಂಬ ಪದದ ಕೆಳಗೆ ಇಡೀ ತಲೆಮಾರು ಬದುಕಿದೆ. ಹಾಗಿರುವಾಗ, ‘ನನ್ನ ಹೆಸರನ್ನು ಸುಳ್ಳಿಗೆ ಕೊಡಲಾರೆ’ ಎಂದು ಎದೆಯುಬ್ಬಿಸಿ ಹೇಳುವ ಹಕ್ಕು ನನಗೆ ಎಲ್ಲಿಂದ ಬಂತು?

ಮೊದಲು ಹೊಳೆದ ಸಮಾಧಾನ, ಅದು ಅನ್ನದ ಪ್ರಶ್ನೆ, ಇದು ಶೋಕಿ. ಕೇಳಲು ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಪಾಸ್‌ಪೋರ್ಟು ನನಗೆ ಅನ್ನದ ಪ್ರಶ್ನೆಯೇನೂ ಆಗಿರಲಿಲ್ಲ, ಮೇಲೇರುವ ಆಸೆಯಾಗಿತ್ತು. ಅಣ್ಣನಿಗೆ ಕ್ಯಾಂಟೀನಿನ ಕಾಂಟ್ರ್ಯಾಕ್ಟು ಅನ್ನವೇ ಆಗಿತ್ತು. ಕಾರು ಶೋಕಿ, ಆದರೆ ಕೇಳಿದವರದ್ದು ಹೊಟ್ಟೆಪಾಡು.

ಅಜ್ಜನ ಕಥೆ ನೆನಪಾದದ್ದು ಆಗ. ನಮ್ಮ ಅಜ್ಜ ಗೇಣಿ ಒಕ್ಕಲು. ಭೂಸುಧಾರಣೆಯ ಗಾಳಿ ಬೀಸಲು ಶುರುವಾದಾಗ, 1974ರ ಕಾನೂನಿಗೂ ಮೊದಲು, ಧನಿಗಳು ಮೂರು ಎಕರೆ ಗದ್ದೆಯನ್ನು ಅಜ್ಜನ ಹೆಸರಿಗೆ ಬರೆಸಿಟ್ಟರು. ಕಾಗದಕ್ಕೆ ಮಾತ್ರ. ಉತ್ಪತ್ತಿ ಧನಿಗಳ ಅಂಗಳಕ್ಕೇ ಹೋಗುತ್ತಿತ್ತು. ತೀರ್ವೆಯ ರಸೀದಿ ಅಜ್ಜನ ಹೆಸರಿಗೆ ಬರುತ್ತಿತ್ತು. “ಹೆಸರು ನಮ್ದು, ಅಕ್ಕಿ ಅವರದ್ದು” ಎಂದು ಅಜ್ಜಿ ಹೇಳುತ್ತಿದ್ದಳಂತೆ. ಅಜ್ಜ ಕೊಟ್ಟ ಮಾತಿಗೆ ತಪ್ಪಲಿಲ್ಲ, ಕೊನೆಗೆ ಆ ಗದ್ದೆಯನ್ನು ಹಾಗೇ ಹಿಂದಕ್ಕೆ ಬರೆದುಕೊಟ್ಟ. ಊರಿನಲ್ಲಿ ಅವನನ್ನು ಸತ್ಯವಂತ ಎಂದರು. ಆದರೆ ಆ ನಡುವೆ ಒಂದು ಸಂಗತಿ ನಡೆದಿತ್ತು. ಅಪ್ಪ ಹೈಸ್ಕೂಲಿನಲ್ಲಿ ಫೀಸಿನ ರಿಯಾಯಿತಿಗೆ ಅರ್ಜಿ ಹಾಕಿದಾಗ, ನಿಮ್ಮ ತಂದೆಗೆ ಮೂರು ಎಕರೆ ಇದೆಯಲ್ಲ ಎಂದು ವಾಪಸು ಬಂತು. ಇಲ್ಲ ಎನ್ನುವ ಹಾಗಿಲ್ಲ, ಕಾಗದವಿದೆ. ಅಪ್ಪನ ಓದು ಅಲ್ಲಿಗೆ ನಿಂತಿತು. ಧನಿಗಳೊಬ್ಬರಿಗೆ ಕೊಟ್ಟ ಹೆಸರು, ಅವರು ಕಣ್ಣಲ್ಲೂ ಕಾಣದ ಒಂದು ಶಾಲೆಯ ಟೇಬಲ್ಲಿನ ಮೇಲೆ ಖರ್ಚಾಗಿಹೋಗಿತ್ತು.

ಹೆಂಡತಿಗೆ ಕಾರಿನ ವಿಷಯ ಹೇಳಿದಾಗ ಅವಳು ನೀತಿ ಮಾತಾಡಲಿಲ್ಲ. “ಹೆಸರು ನಿಮ್ಮೊಬ್ಬರದ್ದಾ?” ಎಂದಳು, ಅಷ್ಟೇ. ಮಗಳನ್ನು ಸೀವುಡ್ಸ್‌ನಲ್ಲಿ ಶಾಲೆಗೆ ಸೇರಿಸಿದ್ದಾಗ ಮಹಾರಾಷ್ಟ್ರದ ಪದ್ಧತಿಯಂತೆ ಅವಳ ಹೆಸರಿನ ನಡುವೆ ನನ್ನ ಹೆಸರು ಕೂತಿತ್ತು. ಅವಳ ಪಾಸ್‌ಪೋರ್ಟಿನಲ್ಲೂ ಹಾಗೇ. ನನ್ನ ಹೆಸರನ್ನು ಯಾರಿಗಾದರೂ ಕೊಟ್ಟರೆ ಅವಳ ನಡುವಿನಿಂದ ಎತ್ತಿ ಕೊಡಬೇಕು.

‘ಬೇನಾಮಿ’ ಪಾರಸಿಯಿಂದ ಬಂದ ಮಾತು, ಹೆಸರಿಲ್ಲದ್ದು ಎಂದರ್ಥ. ವಿಚಿತ್ರವೆಂದರೆ ಬೇನಾಮಿಯಲ್ಲಿ ಹೆಸರು ಇಲ್ಲದೇ ಇರುವುದಿಲ್ಲ, ಒಬ್ಬನದು ಇದ್ದೇ ಇರುತ್ತದೆ. ಇಲ್ಲದೇ ಹೋಗುವುದು ಇರಬೇಕಾದವನದ್ದು. ಹೀಗೆ ಯೋಚಿಸುವಾಗ ನನ್ನ ರೇಶನ್ ಕಾರ್ಡಿಗೂ ಈ ಕಾರಿಗೂ ಒಂದು ವ್ಯತ್ಯಾಸ ಕಂಡಿತು. ಅಣ್ಣನ ಕಾರ್ಡಿನಲ್ಲಿ ನಾನು ಕಾಣಿಸಿಕೊಂಡೆ. ಈ ನಗರದ ಯಾವುದೋ ದಫ್ತರಿನಲ್ಲಿ ಮೊದಲ ಸಲ ನನ್ನ ಹೆಸರು, ನನ್ನ ವಯಸ್ಸು ದಾಖಲಾಯಿತು, ಸುಳ್ಳಾಗಿದ್ದದ್ದು ಸಂಬಂಧ. ಇನ್‌ಸ್ಪೆಕ್ಟರು ಬಾಗಿಲು ತಟ್ಟಿದ್ದರೆ ಅಣ್ಣ ಮುಂದೆ, ನಾನು ಪಕ್ಕದಲ್ಲಿ, ಇಬ್ಬರೂ ನಿಲ್ಲಬೇಕಾಗಿತ್ತು. ಕಾರಿನ ವಿಷಯದಲ್ಲಿ ಸೇಠನ ಮಗ ಎಲ್ಲೂ ಕಾಣಬಾರದು. ಅವನು ಕಾಣದಿರುವುದಕ್ಕೇ ನಾನು ಕಾಣಬೇಕು. ಅಣ್ಣನ ಹೆಸರು ನನಗೆ ಬಾಗಿಲಾಗಿತ್ತು, ನನ್ನ ಹೆಸರು ಅವನಿಗೆ ಪರದೆಯಾಗಬೇಕಿತ್ತು.

ಇದರಿಂದ ನಾನೇನೂ ಶುದ್ಧನಾಗುವುದಿಲ್ಲ. ಆರನೆಯವನ ಪಾಲಿನ ಸಕ್ಕರೆ, ಸೀಮೆಎಣ್ಣೆ ಪ್ರತಿ ತಿಂಗಳು ನಮ್ಮ ಕೋಣೆಗೆ ಬಂದಾಗ ಅದು ಬೇರೆ ಯಾರದೋ ಕ್ಯಾನಿನಿಂದ ಬಂದಿರಬಹುದು.

ಮತ್ತೊಂದು ವಿಚಾರ ನನಗೆ ಹೊಳೆದದ್ದು ಬಹಳ ತಡವಾಗಿ, ಹಿಂದಿರುಗುವ ಮುನ್ನ ಸಾಮಾನು ಕಟ್ಟುವಾಗ. ಮಗಳ ಸೈಕಲ್ಲು, ಹೆಂಡತಿಯ ಹೊಲಿಗೆ ಯಂತ್ರ, ತಳ ಸೀದ ಕುಕ್ಕರು. ಪಟ್ಟಿಯಲ್ಲಿ ಎಲ್ಲದರ ಮುಂದೆ ‘ಬಳಸಿದ್ದು’ ಎಂದು ಬರೆಯಬೇಕು. ಸರ್ಕಾರ ಆ ಸಣ್ಣ ಬಾಗಿಲು ಬಿಟ್ಟಿರುವುದು ಇದಕ್ಕೆ. ಎರಡು ಮೂರು ವರ್ಷ ಎಲ್ಲೋ ಬದುಕಿದವನಿಗೆ ಕೆಲವು ವಸ್ತುಗಳು ಮೈಗೆ ಅಂಟಿರುತ್ತವೆ, ಅವನ್ನು ಸರಕಿನ ಹಾಗೆ ನೋಡಬಾರದು ಎಂಬ ಸಣ್ಣ ದಾಕ್ಷಿಣ್ಯ. ಸುಂಕದ ಕಟ್ಟೆಯಲ್ಲಿ ಇಂಥ ದಾಕ್ಷಿಣ್ಯ ಸಿಗುವುದೇ ಅಪರೂಪ. ನಿಜವಾಗಿ ಕಾರನ್ನು ಪ್ರೀತಿಸಿ, ಅದರಲ್ಲೇ ಮಗುವನ್ನು ಆಸ್ಪತ್ರೆಯಿಂದ ಮನೆಗೆ ತಂದು, ಬಿಟ್ಟುಬರಲಾರದೆ ಹಡಗಿಗೆ ಹಾಕುವವರೂ ಇದ್ದಾರೆ. ನನ್ನಂಥವರು ಹೆಸರು ಬಾಡಿಗೆಗೆ ಕೊಟ್ಟ ಪ್ರತಿ ಸಲವೂ ಕಸ್ಟಮ್ಸಿನವನ ಕಣ್ಣಿನಲ್ಲಿ ಅವರು ಇನ್ನಷ್ಟು ಸಂಶಯದ ಗಿರಾಕಿಗಳಾಗುತ್ತಾರೆ. ನಷ್ಟ ಯಾರಿಗೆ ಎಂದು ಕೇಳಿಕೊಂಡಿದ್ದೆನಲ್ಲ, ಆ ಮನುಷ್ಯನನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆ ಸಂಶಯ ಆಧಾರವಿಲ್ಲದ್ದೂ ಅಲ್ಲ. 2013ರ ಮಾರ್ಚಿನಲ್ಲಿ ಚೆನ್ನೈಯಲ್ಲಿ ವಿದೇಶಿ ಕಾರುಗಳ ಸುಂಕ ವಂಚನೆಯ ಆರೋಪದ ಮೇಲೆ ಸಿಬಿಐ ಶೋಧ ನಡೆಸಿತು. ಎರಡು ದಿನ ಮುಂಚೆ ಡಿಎಂಕೆ ಕೇಂದ್ರ ಸರ್ಕಾರಕ್ಕೆ ಕೊಟ್ಟ ಬೆಂಬಲ ಹಿಂದೆಗೆದಿದ್ದರಿಂದ ಸುದ್ದಿಯೆಲ್ಲ ರಾಜಕೀಯವಾಗಿ, ಕಾರು ಮರೆತೇಹೋಯಿತು. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ‘ಆಪರೇಷನ್ ನುಮ್ಖೋರ್’ ನಡೆಸಿತು. ಭೂತಾನಿನ ಭಾಷೆಯಲ್ಲಿ ನುಮ್ಖೋರ್ ಎಂದರೆ ವಾಹನ. ಭೂತಾನದಿಂದ ಹಳೆಯ ಕಾರುಗಳನ್ನು ಸುಳ್ಳು ಕಾಗದಗಳ ಮೇಲೆ ತಂದು ನೋಂದಾಯಿಸಿದ್ದಾರೆ ಎಂಬುದು ಆರೋಪ. ಅದೇ ವರ್ಷದ ಜುಲೈಯಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರದ ನಂಬರಿನ ಒಂದು ಕೆಂಪು ಫೆರಾರಿಯಿಂದ ಸಾರಿಗೆ ಇಲಾಖೆ ಸುಮಾರು 1.42 ಕೋಟಿ ರೂಪಾಯಿ ತೆರಿಗೆ ವಸೂಲು ಮಾಡಿತು. ಆ ಸುದ್ದಿ ಓದಿ ನಕ್ಕವರಲ್ಲಿ ನಾನೂ ಒಬ್ಬ. ನಕ್ಕ ಮೇಲೆ, ಎಂಎಚ್-43 ನಂಬರಿನ ನನ್ನ ವ್ಯಾಗನ್‌ಆರ್ ಬೆಂಗಳೂರಿನಲ್ಲಿ ತಮ್ಮನ ಮನೆ ಮುಂದೆ ಒಂದು ವರ್ಷಕ್ಕಿಂತ ಹೆಚ್ಚು ನಿಂತಿದ್ದದ್ದು ನೆನಪಾಯಿತು.

ಇಷ್ಟೆಲ್ಲ ಯೋಚಿಸಿದವನು ಅಣ್ಣನಿಗೆ ನೇರವಾಗಿ ಹೇಳಿದೆನೇ? ಇಲ್ಲ. ಹತ್ತು ದಿನ ಬಿಟ್ಟು ಫೋನು ಮಾಡಿ, ಕಂಪನಿಯ ನಿಯಮದಲ್ಲಿ ಅವಕಾಶವಿಲ್ಲವಂತೆ ಎಂದೆ. ಅಂಥ ನಿಯಮ ಯಾವುದೂ ಇರಲಿಲ್ಲ. ಒಂದು ಸುಳ್ಳಿಗೆ ಸಹಿ ಹಾಕಲಾರದವನು ಅದರಿಂದ ತಪ್ಪಿಸಿಕೊಳ್ಳಲು ಇನ್ನೊಂದು ಸುಳ್ಳು ಹೇಳಿದ, ಅದೂ ತನಗೆ ಹೆಸರು ಕೊಟ್ಟವರಿಗೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು, ತೊಂದ್ರೆ ಇಲ್ಲ. ಚಳಿ ಹ್ಯಾಗುಂಟು ಅಲ್ಲಿ?” ಎಂದರು. ಅವರಿಗೆ ಗೊತ್ತಾಗಿತ್ತು.

ಮರುವರ್ಷ ಕಾರ್ಖಾನೆಯ ಕ್ಯಾಂಟೀನು ಬೇರೆಯವರಿಗೆ ಹೋಯಿತು. ಕಾರೇ ಕಾರಣವೋ ಅಲ್ಲವೋ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೇಠನ ಮಗನಿಗೆ ಕಾರು ಸಿಕ್ಕಿತಂತೆ, ಬೇರೆ ಯಾರದೋ ಹೆಸರಿನಲ್ಲಿ. ಹೆಸರು ಕೊಟ್ಟ ಆ ಮನುಷ್ಯನಿಗೆ ಏನೂ ಆಗಲಿಲ್ಲ ಎಂದೂ ಕೇಳಿದ್ದೇನೆ. ಅಪ್ಪನಿಗಾದ ಹಾಗೆ ಅವನಿಗೂ ಏನಾದರೂ ಆಗಬೇಕಿತ್ತು ಎಂದು ಒಮ್ಮೊಮ್ಮೆ ಮನಸ್ಸಿನ ಮೂಲೆಯಲ್ಲಿ ಬಯಸಿದ್ದಿದೆ. ಆಗಿದ್ದರೆ ನನ್ನ ನಿರ್ಧಾರಕ್ಕೆ ಸಾಕ್ಷಿ ಸಿಗುತ್ತಿತ್ತಲ್ಲ. ಸಿಗಲಿಲ್ಲ.

ಅಣ್ಣ ಆಮೇಲೂ ಗಣಪತಿ ಹಬ್ಬಕ್ಕೆ ಕರೆಯುತ್ತಿದ್ದರು, ನಾವು ಹೋಗುತ್ತಿದ್ದೆವು. ಅಕ್ಕ ಪಾಯಸ ಬಡಿಸುತ್ತಿದ್ದರು. ಮಾತು ಮಾತ್ರ ಮಕ್ಕಳ ಓದು, ಮಳೆ, ಲೋಕಲ್ ರೈಲು ದಾಟುತ್ತಿರಲಿಲ್ಲ.

ಹೋದ ವರ್ಷ ಜೂನಿನಲ್ಲಿ ಅಣ್ಣ ಒಬ್ಬರೇ ಸೀವುಡ್ಸ್‌ಗೆ ಬಂದರು. ಮೊಮ್ಮಗನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು, ಬ್ಯಾಂಕಿನ ಸಾಲಕ್ಕೆ ಜಾಮೀನುದಾರ ಬೇಕಾಗಿತ್ತು. ಪ್ಲಾಸ್ಟಿಕ್ ಕವರಿನಿಂದ ಫಾರ್ಮು ತೆಗೆದು ಡೈನಿಂಗ್ ಟೇಬಲ್ಲಿನ ಮೇಲೆ ಇಟ್ಟರು. ಹುಡುಗ ಕಟ್ಟದಿದ್ದರೆ ನಾನು ಕಟ್ಟಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಸಾಲಗಾರನ ಹೆಸರು ಮೇಲೆ, ಅದರ ಕೆಳಗೆ ನನ್ನದಕ್ಕೆ ಜಾಗ. ಸಂಬಂಧ ಎಂಬ ಕಾಲಮ್ಮು ಖಾಲಿ ಇತ್ತು. ಏನು ಬರೆಯುವುದು ಎಂದು ಕೇಳಿದೆ.

“ಎಂತ ಬರೀತಿಯೋ ಬರಿ” ಎಂದರು. “ಇದಕ್ಕಾದ್ರೂ ನಿನ್ನ ಹೆಸರು ಉಂಟಲ್ಲ.”

‘ಪರಿಚಿತ’ ಎಂದು ಬರೆದು ಸಹಿ ಹಾಕಿದೆ. ಅಣ್ಣ ಕನ್ನಡಕ ಏರಿಸಿ ಆ ಪದವನ್ನು ಸ್ವಲ್ಪ ಹೊತ್ತು ನೋಡಿ, ಫಾರ್ಮನ್ನು ಮಡಿಸದೆ ಹಾಗೇ ಕವರಿನೊಳಗೆ ಇಟ್ಟುಕೊಂಡರು.